ಬೋರಿಂಗಿಗೆ ಮಾತು ಹೋಯಿತಂತೆ

ಕೇರಿಯ ಬೋರಿಂಗಿನ ನೀರು ಕುಡಿದವರಿಗೆ ಮಾತು ಹೋಗುತ್ತದೆ ಎಂದು ತಮಟೆ ಹೊಡೆದು ಊರಿಗೆಲ್ಲ ಸಾರಿದವನು ನನ್ನ ಗಂಡ ಮುನಿಶಾಮಿ. ಬೋರಿಂಗು ಬಂದಾಗಿನಿಂದ ಅವನು ಕುಡಿಯುತ್ತಿದ್ದುದು ಅದೇ ನೀರು. ಅವತ್ತು ಬೆಳಿಗ್ಗೆಯೂ ಒಂದು ಚೊಂಬು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ತಮಟೆ ಕಾಯಿಸಿಕೊಂಡು ಹೋದ. ಅವನ ಗಂಟಲು ಗೌನಿಪಲ್ಲಿ ರಸ್ತೆಯವರೆಗೂ ಕೇಳಿಸಿತು. ಇಡೀ ಊರು ಆ ಗಂಟಲನ್ನು ಕಿವಿಯಾರೆ ಕೇಳಿಸಿಕೊಂಡು, ಆ ನೀರು ಕುಡಿದವರಿಗೆ ಮಾತು ಹೋಗುತ್ತದೆ ಎಂದು ನಂಬಿತು.

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ನಗುವೂ ನಿಂತಿಲ್ಲ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಬೇಕಾದದ್ದನ್ನು ತೆಗೆದುಕೊಳ್ಳಿ.

ನಮ್ಮೂರು ಚಿಂತಮಾನುಪಲ್ಲಿ. ಶ್ರೀನಿವಾಸಪುರ ತಾಲ್ಲೂಕು, ಆಂಧ್ರದ ಗಡಿ. ಮೇಲೆ ಊರು, ಕೆಳಗೆ ನಮ್ಮ ಕೇರಿ. ಕುಡಿಯುವ ನೀರಿಗೆ ಇದ್ದದ್ದು ಒಂದೇ ಬಾವಿ, ದೊಡ್ಡವೆಂಕಟಪ್ಪನ ಮನೆಯ ಮುಂದೆ. ದೊಡ್ಡವೆಂಕಟಪ್ಪ ಎಂದರೆ ಊರಿನ ಯಜಮಾನ, ಮಾವಿನ ತೋಪುಗಳ ಒಡೆಯ. ಆ ಬಾವಿಯ ಕಟ್ಟೆ ನಾವು ಹತ್ತುವ ಹಾಗಿಲ್ಲ. ಕೊಡ ಕೆಳಗಿಟ್ಟು, ಬಿಸಿಲಲ್ಲಿ ನಿಂತು, ಮೇಲಿನವರು ಯಾರಾದರೂ ಸೇದಿ ಹುಯ್ಯುವ ತನಕ ಕಾಯಬೇಕು.

ಪುಕ್ಕಟೆ ಯಾರೂ ಹುಯ್ಯುತ್ತಿರಲಿಲ್ಲ. ಮೊದಲು ದೊಡ್ಡವೆಂಕಟಪ್ಪನ ಕೊಟ್ಟಿಗೆಗೆ ಹೋಗಬೇಕು. ಗಂಜಲ ಬಳಿಯಬೇಕು. ಸೆಗಣಿ ಬಾಚಿ ತಲೆಯ ಮೇಲೆ ಹೊತ್ತು ತಿಪ್ಪೆಗೆ ಹಾಕಬೇಕು. ಗಂಜಲ ಕೆನ್ನೆಯ ಮೇಲೆ ಇಳಿದು ಬಾಯಿಗೆ ಬರುತ್ತಿತ್ತು. ಬೆರಣಿ ತಟ್ಟಬೇಕು. ಆಮೇಲೆ ಅವನ ಹೆಂಡತಿ ಶಾಮಲಮ್ಮ ಬಂದು ಎತ್ತರದಿಂದ ಹುಯ್ಯುತ್ತಿದ್ದಳು. ಅರ್ಧ ನೀರು ಕೊಡಕ್ಕೆ, ಅರ್ಧ ನಮ್ಮ ಕಾಲಿಗೆ. ಒಂದೊಂದು ದಿನ ಎಲ್ಲ ಮುಗಿಸಿದ ಮೇಲೆ, "ಊಟ ಮಾಡ್ಬುಟ್ಟು ಬತ್ತೀನಿ, ಇರ್ರೇ" ಅನ್ನುತ್ತಿದ್ದಳು. ಅವಳು ಉಂಡು, ಎಲೆ ಅಡಿಕೆ ಹಾಕಿ, ಒಂದು ನಿದ್ದೆ ತೆಗೆದು ಬರುತ್ತಿದ್ದಳು. ನಾವು ಇರುತ್ತಿದ್ದೆವು. ಇಲ್ಲದೆ ಎಲ್ಲಿಗೆ ಹೋಗುವುದು?

ಎಂಬತ್ತೊಂದನೇ ಇಸವಿಯಲ್ಲಿ ಬೋರು ಕೊರೆಯುವ ಲಾರಿ ಬಂತು. ಕೇರಿಗೇ ಮೊದಲು ಹಾಕಬೇಕು ಎಂದು ಸರ್ಕಾರದ ಆದೇಶವಂತೆ. ದೊಡ್ಡವೆಂಕಟಪ್ಪ ಲಾರಿಯವರಿಗೆ ಕೋಳಿ ಕುಯ್ಯಿಸಿ, ಮೊದಲು ತನ್ನ ಮನೆಯ ಮುಂದೆ ಕೊರೆಸಿದ. ಬರೀ ಬಿಳಿ ಧೂಳು ಬಂತು. ಅವನ ಮನೆ, ಮೀಸೆ, ಎಮ್ಮೆ ಎಲ್ಲ ಬೆಳ್ಳಗಾದವು. ಆಮೇಲೆ ಲಾರಿ ಕೇರಿಗೆ ಬಂತು. ನಮ್ಮಲ್ಲಿ ನೀರು ಬಿತ್ತು. ಸಿಹಿ ನೀರು. ಕೈಯಲ್ಲಿ ಒತ್ತುವ ಬೋರಿಂಗು ಕೂರಿಸಿದರು. ಅವತ್ತು ನಾವು ಹೆಂಗಸರು ಸೀರೆಯ ಸಮೇತ ಅದರ ಕೆಳಗೆ ಕೂತು ತಲೆಗೆ ಹುಯ್ದುಕೊಂಡೆವು. ನೀರು ಹೀಗೆ ಚೆಲ್ಲಬಹುದು ಎನ್ನುವುದೇ ನಮಗೆ ಗೊತ್ತಿರಲಿಲ್ಲ.

ಬೋರಿಂಗಿನ ಹಿಡಿ ಒತ್ತಿದರೆ ಕೀಂಯ್ ಎಂದು ಅರಚುತ್ತಿತ್ತು. ಬೆಳಕು ಹರಿದರೆ ಶುರು, ದೀಪ ಹಚ್ಚುವ ತನಕ ಕೀಂಯ್, ಕೀಂಯ್. ಆ ಸದ್ದು ಮೇಲೆ ದೊಡ್ಡವೆಂಕಟಪ್ಪನ ಪಡಸಾಲೆಗೆ ಹೋಗುತ್ತಿತ್ತು. ಮಧ್ಯಾಹ್ನ ನಿದ್ದೆ ಇಲ್ಲ, ಸದ್ದು ನಿಲ್ಲಿಸಿ ಎಂದು ಹೇಳಿ ಕಳಿಸಿದ. ಸದ್ದಿಗೆ ಏನು ಮಾಡುವುದು? ನಾನೇ ಹಿಡಿಯ ಕೀಲಿಗೆ ಒಂದು ಬಟ್ಟಲು ಹೊಂಗೆ ಎಣ್ಣೆ ಬಿಟ್ಟೆ. ಬೋರಿಂಗು ಗಪ್‌ಚಿಪ್ ಆಯಿತು. ಮೇಲಿನವರ ಮಾತು ಕೇಳಿ ನಡೆದದ್ದಕ್ಕೆ ನನಗೆ ಸಿಕ್ಕಿದ ಬಹುಮಾನ ಕೇಳಿ.

ಕದಿರಪ್ಪ ಎಂಬುವನದು ಊರ ಬಾಗಿಲಲ್ಲಿ ಟೀ ಹೋಟ್ಲು. ಒಳಗೆ ಊರಿನವರು, ಹೊರಗೆ ನಾವು. ನಮ್ಮ ಗ್ಲಾಸುಗಳನ್ನು ಸೂರಿಗೆ ಸಿಕ್ಕಿಸಿಟ್ಟಿದ್ದ. ಅವನು ಒಂದು ದಿನ ಟೀ ಸೋಸುತ್ತ, "ಏನಣ್ಣಾ, ಕೇರಿ ಬೋರಿಂಗಿಗೆ ಮಾತೇ ಹೋಯ್ತಲ್ಲ" ಎಂದು ತಮಾಷೆ ಮಾಡಿದ. ದೊಡ್ಡವೆಂಕಟಪ್ಪ ಅಲ್ಲೇ ಕೂತಿದ್ದ. ಅವನು ನಗಲಿಲ್ಲ. ಬೋರಿಂಗು ಬಂದ ಮೇಲೆ ಅವನ ಕೊಟ್ಟಿಗೆಗೆ ನಮ್ಮ ಹೆಂಗಸರು ಯಾರೂ ಹೋಗಿರಲಿಲ್ಲ. ಶಾಮಲಮ್ಮನೇ ಪೊರಕೆ ಹಿಡಿದು ಸೊಂಟ ಹಿಡಿಸಿಕೊಂಡಿದ್ದಳು. ಅವನು ಟೀ ಲೋಟ ಕೆಳಗಿಟ್ಟು, "ಬೋರಿಂಗಿಗೇ ಮಾತು ಹೋದ್ಮೇಲೆ ಕುಡಿಯೋರ ಗತಿ ಏನ್ಲಾ?" ಎಂದನಂತೆ.

ಸಾಯಂಕಾಲಕ್ಕೆ ಅದು ಕುಡಿದವರಿಗೆ ಮಾತು ಹೋಗುತ್ತದಂತೆ ಎಂದಾಯಿತು. ಮಾರನೆಯ ದಿನಕ್ಕೆ ಗಡಿಯಾಚೆಯ ಎರ್ರಗುಂಟಪಲ್ಲಿಯಲ್ಲಿ ಇಂಥದೇ ಬೋರಿಂಗು ಹಾಕಿ ಊರಿಗೆ ಊರೇ ಮೂಕವಾಗಿದೆಯಂತೆ ಎಂದಾಯಿತು. ಅದರ ಮಾರನೆಯ ದಿನ ನನ್ನ ಗಂಡನನ್ನು ಕರೆಸಿ, "ಸಾರ್ಲಾ" ಎಂದರು.

ಸಾರುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಮೊದಲು ಊರಿನ ಬೀದಿಗಳು, ಕೊನೆಗೆ ಕೇರಿ. ಯಾರು ಹೇಳಿದರು ಎಂದು ಸಾರುವವನು ಹೇಳುವುದಿಲ್ಲ. "ಊರಿನ ಅಪ್ಪಣೆ" ಎಂದರೆ ಮುಗಿಯಿತು. ಅವನು ಚಾವಡಿಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಯಜಮಾನರ ಮುಂದೆ ಎದೆ ಸೆಟೆದು ನಿಲ್ಲುವ ಹಾಗಿಲ್ಲ. ತಮಟೆ ಕೊರಳಿಗೆ ಬಿದ್ದಾಗ ಮಾತ್ರ ಅವನ ಗಂಟಲಿಗೆ ಊರು ಕಿವಿ ಕೊಡುತ್ತದೆ. ಆಗ ಅವನು ಹೇಳುವುದು ತನ್ನ ಮಾತಲ್ಲ.

ಮೇಲಿನ ಬೀದಿಗಳನ್ನೆಲ್ಲ ಮುಗಿಸಿ ಅವನು ಕೇರಿಗೆ ಬರುವ ಹೊತ್ತಿಗೆ ಅವನ ಗಂಟಲು ಒಣಗಿತ್ತು. ನಾನು ಬೋರಿಂಗಿನ ಹತ್ತಿರ ಪಾತ್ರೆ ಉಜ್ಜುತ್ತಿದ್ದೆ. ಅವನು ಬಂದು ತಮಟೆಯನ್ನು ಬೆನ್ನಿಗೆ ತಳ್ಳಿ, ಹಿಡಿ ಒತ್ತಿ, ಬೊಗಸೆಯೊಡ್ಡಿ ಕುಡಿದ. ಆಮೇಲೆ ಎದ್ದು ನಿಂತು ಡಣ್ ಡಣ್ ಎಂದು ಬಡಿದು, "ಕೇಳ್ರಪ್ಪೋ ಕೇಳ್ರಿ! ಈ ಬೋರಿಂಗ್ ನೀರು ಕುಡಿದೋರಿಗೆ ಮಾತು ಹೋಗ್ತದೆ! ಯಾರೂ ಕುಡೀಬಾರ್ದು! ಊರಿನ ಅಪ್ಪಣೆ!" ಎಂದ.

ನಾನು ಪಾತ್ರೆ ಕೆಳಗಿಟ್ಟು ಕೇಳಿದೆ.

"ಏನಯ್ಯಾ, ಈಗ ನೀನು ಕುಡಿದದ್ದು ಯಾವ ನೀರು?"

"ಬೋರಿಂಗಿಂದು."

"ಈಗ ಸಾರಿದ್ದೇನು?"

"ಊರೋರು ಹೇಳಿದ್ದು."

"ನಿಂಗೆ ಮಾತು ಹೋಗೈತಾ?"

ಅವನು ಒಂದು ಗಳಿಗೆ ಯೋಚನೆ ಮಾಡಿದ. ಗಂಟಲು ಸವರಿಕೊಂಡ. "ಇನ್ನೂ ಹೋಗಿಲ್ಲ" ಎಂದ.

ಉಜ್ಜುತ್ತಿದ್ದ ಬೂದಿಯನ್ನು ಅವನ ಮುಖಕ್ಕೆ ಎರಚಿದೆ. ಅವನು ಕಣ್ಣು ಒರೆಸಿಕೊಳ್ಳುತ್ತ ಹೇಳಿದ. "ಸಾರೋನಿಗೆ ಯೋಚನೆ ಯಾಕೆ ಬೇಕು ಕಣೇ ಬೈರಿ? ನಮ್ಮಪ್ಪ ಸಾರ್ದ, ನಮ್ಮ ತಾತ ಸಾರ್ದ. ನಿಜಾನಾ ಸುಳ್ಳಾ ಅಂತ ಕೇಳೋಕೆ ಹೋದ್ರೆ ತಮಟೆ ಕಿತ್ಕೊಂಡು ಅಟ್ತಾರೆ. ಆಮೇಲೆ ಸುಗ್ಗೀಲಿ ರಾಗಿ ಯಾರು ಕೊಡ್ತಾರೆ, ನಿಮ್ಮಪ್ಪ ಕೊಡ್ತಾನಾ?"

ಊರು ನಂಬಿದ್ದು ದೊಡ್ಡದಲ್ಲ. ಊರಿಗೆ ಬಾವಿ ಇತ್ತು. ನಮ್ಮ ಕೇರಿಯೇ ನಂಬಿತಲ್ಲ, ಅದು ನನ್ನ ಹೊಟ್ಟೆ ಉರಿಸಿತು. ತಮಟೆಯಲ್ಲಿ ಬಂದದ್ದು ಸುಳ್ಳಾಗಲು ಸಾಧ್ಯವೇ ಇಲ್ಲ ಎಂದು ನಮ್ಮವರೇ ಮೊದಲು ಹೇಳಿದರು. ನಮ್ಮ ತಮಟೆಯೇ ಅಲ್ಲವೇ ಎಂಬ ಹೆಮ್ಮೆ ಬೇರೆ. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳನ್ನು ಅಲ್ಲಾಡಿಸಿ, "ಲೇ, ಏನಾದ್ರೂ ಮಾತಾಡೋ" ಎಂದು ಪರೀಕ್ಷೆ ಮಾಡುತ್ತಿದ್ದರು. ಮಗು ಸಿಟ್ಟಿನಿಂದ ಸುಮ್ಮನಿದ್ದರೆ ಮನೆಯಲ್ಲಿ ಗೋಳು. ಉಳಿದಿರುವ ಮಾತನ್ನು ಉಳಿಸಿಕೊಳ್ಳಬೇಕೆಂದು ಎಲ್ಲರೂ ಪಿಸುಗುಡುವುದಕ್ಕೆ ಶುರು ಮಾಡಿದರು. ಇಡೀ ಕೇರಿ ಪಿಸಪಿಸ. ಗಂಡ ಹೆಂಡಿರ ಜಗಳವೂ ಪಿಸಪಿಸ. ನನ್ನ ಅತ್ತೆ ದೊಡ್ಡಮುನಿಯಮ್ಮ ನಾನು ಮದುವೆಯಾಗಿ ಬಂದಾಗಿನಿಂದ ನನ್ನನ್ನು ಕೇರಿಗೆಲ್ಲ ಕೇಳುವ ಹಾಗೆ ಬೈದವಳು. ಈಗ ಬೈಯಬೇಕೆನಿಸಿದರೆ ಹತ್ತಿರ ಬಂದು ಕಿವಿಯಲ್ಲಿ ಬೈದು ಹೋಗುತ್ತಿದ್ದಳು. ಆ ಸುಳ್ಳಿನಿಂದ ನನಗಾದ ಲಾಭ ಅಷ್ಟೇ.

"ಅಲ್ರೇ, ನಾನು ಕುಡೀತಿದೀನಿ, ನಂಗೆ ಏನೂ ಆಗಿಲ್ವಲ್ಲ?" ಎಂದು ನಾನು ಕೂಗಾಡಿದೆ.

"ಬೈರಮ್ಮಂಗೆ ಹುಟ್ಟಿನಿಂದ್ಲೂ ಮಾತು ಜಾಸ್ತಿ" ಎಂದರು, ಪಿಸುಗುಟ್ಟಿ. "ಮುಗಿಯೋಕೆ ಹೊತ್ತಾಗ್ತದೆ."

"ಮುನಿಶಾಮೀನೂ ಅದೇ ನೀರು ಕುಡಿದು ಸಾರ್ತಾನಲ್ಲ, ಅವನಿಗೆ?"

"ಅವನ ಕೊರಳಲ್ಲಿ ತಮಟೆ ಐತೆ. ಅದು ಕಾಯ್ತದೆ."

ಏನು ಹೇಳಿದರೂ ಅದಕ್ಕೊಂದು ಉತ್ತರ ಇತ್ತು. ಮಾತು ಹೋದರೆ ನೀರಿನಿಂದ ಹೋಯಿತು. ಹೋಗದಿದ್ದರೆ ಇನ್ನೂ ಹೋಗಬೇಕಾಗಿದೆ. ಇಂಥ ಸುಳ್ಳಿಗೆ ಸಾವೇ ಇಲ್ಲ ಎಂದು ನನಗೆ ಭಯವಾಯಿತು.

ಹೆಂಗಸರು ಮತ್ತೆ ಕೊಡ ಎತ್ತಿಕೊಂಡು ಮೇಲಕ್ಕೆ ಹೋದರು. ಮತ್ತೆ ಕೊಟ್ಟಿಗೆ, ಗಂಜಲ, ಸೆಗಣಿ ಬುಟ್ಟಿ. ಶಾಮಲಮ್ಮ ಕಟ್ಟೆಯ ಮೇಲೆ ನಿಂತು, "ಬಂದ್ರೇನ್ರೇ? ನಮ್ಮ ಎಮ್ಮೆಗಳು ನಿಮ್ಮನ್ನೇ ಕೇಳ್ತಿದ್ವು" ಎಂದಳಂತೆ. ನಾನು ಹೋಗಲಿಲ್ಲ. ಅತ್ತೆ ಹೋದಳು. ಮೊಮ್ಮಕ್ಕಳ ಮಾತು ಹೋಗಬಾರದೆಂದು, ಆ ವಯಸ್ಸಿನಲ್ಲಿ, ನಾನು ಕೈ ಹಿಡಿದು ಎಳೆದರೂ ಬಿಡಿಸಿಕೊಂಡು ಹೋದಳು.

ನಾನು ನೇರ ಕದಿರಪ್ಪನ ಹೋಟ್ಲಿಗೆ ಹೋಗಿ ಹೊರಗೆ ನಿಂತು ಕೇಳಿದೆ. "ಎರ್ರಗುಂಟಪಲ್ಲೀಲಿ ಮಾತು ಹೋದೋರನ್ನ ನೀನು ನೋಡ್ದ್ಯಾ?"

"ನಾನ್ಯಾಕೆ ನೋಡ್ಲಿ? ಲೋಕವೇ ಹೇಳ್ತೈತೆ. ಬೇಕಾದ್ರೆ ನೀನೇ ಹೋಗಿ ನೋಡು" ಎಂದು ನನ್ನ ಗ್ಲಾಸನ್ನು ಸೂರಿನಿಂದ ಕೀಳದೆ ಒಳಗೆ ಹೋದ.

ಹೋಗಿ ನೋಡು ಎಂದನಲ್ಲ, ಹೋದೆ. ಬೆಳಿಗ್ಗೆ ಒಂದು ಮುದ್ದೆ ಉಂಡು, ತೋಪುಗಳನ್ನು ದಾಟಿ, ಕಲ್ಲುಗುಡ್ಡ ಬಳಸಿ ಗಡಿಯಾಚೆಗೆ ನಡೆದೆ. ಬಿಸಿಲು ನೆತ್ತಿಗೆ ಬಂದಾಗ ಎರ್ರಗುಂಟಪಲ್ಲಿ ಸಿಕ್ಕಿತು. ಊರ ಮುಂದೆ ಹುಣಸೆ ಮರದ ಕೆಳಗೆ ಹೆಂಗಸರು ಹುಣಸೆ ಹಣ್ಣು ಬಡಿಯುತ್ತಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಇಷ್ಟು ಮಾತಾಡುವ ಮೂಕರನ್ನು ನಾನು ಕಂಡಿರಲಿಲ್ಲ.

ಯಾವೂರು ಎಂದು ಕೇಳಿದರು. ಚಿಂತಮಾನುಪಲ್ಲಿ ಎಂದೆ. ಎಲ್ಲರ ಕೈಯಲ್ಲಿದ್ದ ಕೋಲುಗಳೂ ಮೇಲೇ ನಿಂತವು.

"ಮಾಟ್ಲಾಡ್ತೋಂದೇ!" ಎಂದು ಒಬ್ಬಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಾತಾಡುತ್ತಾಳಲ್ಲೇ ಎಂದು. ಕ್ಷಣದಲ್ಲಿ ಊರಿನ ಅರ್ಧ ಜನ ಸೇರಿದರು. ನನ್ನನ್ನು ಜಗಲಿಯ ಮೇಲೆ ಕೂರಿಸಿ ನೀರು, ಮಜ್ಜಿಗೆ ಕೊಟ್ಟರು. ಇನ್ನೊಂದು ಸಲ ಮಾತಾಡು, ಏನಾದರೂ ಹಾಡು ಎಂದು ಗೋಗರೆದರು. ಒಬ್ಬ ಮುದುಕ ನನ್ನ ಬಾಯಿ ತೆರೆಸಿ ನಾಲಿಗೆ ನೋಡಿದ. ಬೋರಿಂಗಿನ ನೀರು ಕುಡಿದು ಚಿಂತಮಾನುಪಲ್ಲಿಯಲ್ಲಿ ಊರಿಗೆ ಊರೇ ಮೂಕವಾಗಿದೆ ಎಂದು ಅವರಿಗೆ ಸುದ್ದಿ ಮುಟ್ಟಿತ್ತು. ನನ್ನನ್ನು ನೋಡಿದ ಮೇಲೂ ಅವರು ಅದನ್ನು ಬಿಡಲಿಲ್ಲ. ಈಯಮ್ಮ ಹೇಗೋ ತಪ್ಪಿಸಿಕೊಂಡು ಬಂದಿದ್ದಾಳೆ ಎಂದರು.

"ಯಾರು ಹೇಳಿದ್ದು ನಿಮ್ಗೆ?" ಎಂದೆ.

"ಹುಣಸೆ ಹಣ್ಣಿನ ವ್ಯಾಪಾರದೋನು ಹೇಳ್ದನಮ್ಮಾ. ನಿಮ್ಮೂರಲ್ಲಿ ತಮಟೆಯೋನೇ ಸಾರಿದ್ನಂತೆ. ಅವನು ಕಿವಿಯಾರೆ ಕೇಳಿಸ್ಕೊಂಡು ಬಂದವನೆ. ತಮಟೇಲಿ ಬಂದದ್ದು ಸುಳ್ಳಾಗ್ತದಾ?"

"ಆ ತಮಟೆಯೋನು ನನ್ನ ಗಂಡ" ಎಂದೆ.

"ಪಾಪ" ಎಂದರು. "ಅವನಿಗೂ ಹೋಯ್ತಾ?"

ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ದಾರಿಯುದ್ದಕ್ಕೂ ಎರಡೂ ಬಂದವು. ನಾವು ಎರ್ರಗುಂಟಪಲ್ಲಿಗೆ ಹೆದರಿದ್ದೆವು. ಎರ್ರಗುಂಟಪಲ್ಲಿ ನಮಗೆ ಹೆದರಿತ್ತು. ನಡುವೆ ಇದ್ದದ್ದು ನನ್ನ ಗಂಡನ ತಮಟೆ ಒಂದೇ.

ಮನೆಗೆ ಬಂದಾಗ ಅತ್ತೆ ಚಾಪೆಯ ಮೇಲೆ ಮಲಗಿದ್ದಳು. ಕೊಟ್ಟಿಗೆಯ ಗಂಜಲದಲ್ಲಿ ಕಾಲು ಜಾರಿ, ಸೆಗಣಿ ಬುಟ್ಟಿಯ ಸಮೇತ ಬಿದ್ದಿದ್ದಳು. ಮೊಣಕಾಲು ಊದಿತ್ತು. ಕೂದಲಲ್ಲಿ ಸೆಗಣಿ ಇನ್ನೂ ಹಾಗೇ ಇತ್ತು. ಕೊಟ್ಟಿಗೆ ಅರ್ಧ ಉಳಿಯಿತು ಎಂದು ಶಾಮಲಮ್ಮ ಅವಳಿಗೆ ನೀರು ಹುಯ್ದಿರಲಿಲ್ಲ. ಖಾಲಿ ಕೊಡ ಹೊಸ್ತಿಲಲ್ಲಿ ಉರುಳಿತ್ತು. ಅವಳು ನೋವನ್ನೂ ಪಿಸುಗುಟ್ಟಿಯೇ ನರಳುತ್ತಿದ್ದಳು.

ಮುನಿಶಾಮಿ ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದ. ಹೊತ್ತು ಇಳಿಯುತ್ತಿತ್ತು. ಅವನು ನನ್ನ ಮುಖ ನೋಡಲಿಲ್ಲ.

"ಈಗೇನು ಸಾರೋದು?" ಎಂದೆ.

"ಕೇರಿಯೋರಿಗೆ ಬೋರಿಂಗ್ ಬೇಡವಂತೆ. ನಾಳೆ ಶ್ರೀನಿವಾಸಪುರದಿಂದ ಮೇಸ್ತ್ರಿ ಬರ್ತಾನೆ. ಕಿತ್ತು, ದೊಡ್ಡವೆಂಕಟಪ್ಪನೋರ ಮನೆ ಮುಂದಿನ ತೂತಿಗೆ ನೆಡೋದಂತೆ. ಪೈಪು ಎತ್ತೋಕೆ ಕೇರಿಯಿಂದ ಮನೆಗೊಬ್ಬ ಆಳು ಬರ್ಬೇಕು."

"ಆ ತೂತಲ್ಲಿ ನೀರೇ ಇಲ್ವಲ್ಲಯ್ಯಾ?"

"ಇಲ್ಲ."

"ಮತ್ತೆ ಅಲ್ಲಿ ಯಾಕೆ?"

"ಇಲ್ಲಿ ಇರಬಾರ್ದಲ್ಲ" ಎಂದ.

ನಾನು ಅವನ ಎದುರು ಕೂತು ಎರ್ರಗುಂಟಪಲ್ಲಿಯ ಕಥೆ ಹೇಳಿದೆ. ಮಜ್ಜಿಗೆ ಕೊಟ್ಟದ್ದು, ನಾಲಿಗೆ ನೋಡಿದ್ದು, ಪಾಪ ಅಂದದ್ದು ಎಲ್ಲ. ಅವನು ನಗಲಿಲ್ಲ. ತಮಟೆಯವನೇ ಸಾರಿದ ಮೇಲೆ ಸುಳ್ಳಾಗುತ್ತದಾ ಎಂದರು ಅನ್ನುವಾಗ ಅವನ ಕೈಯಲ್ಲಿ ತಿರುಗುತ್ತಿದ್ದ ತಮಟೆ ನಿಂತಿತು. ಚರ್ಮ ಹೊಗೆಯಾಡತೊಡಗಿತು. ನಾನೇ ಕಿತ್ತು ಪಕ್ಕಕ್ಕಿಟ್ಟೆ.

"ಸಾರ್ಬೇಡ ಅಂತ ನಾನು ಹೇಳಲ್ಲ" ಎಂದೆ. "ಸಾರು. ಪೂರ್ತಿ ಸಾರು. ನಿಂಗೆ ಯಾರು ಹೇಳಿದ್ರು, ಅವ್ರಿಗೆ ಯಾರು ಹೇಳಿದ್ರು, ಅದನ್ನೂ ಸೇರಿಸಿ ಸಾರು. ಒಂದು ಸುಳ್ಳು ಮಾತೂ ಬೇಡ."

"ಹಂಗೆಲ್ಲ ಸಾರೋ ಪದ್ಧತಿ ಇಲ್ಲ ಕಣೇ."

"ನಿಮ್ಮವ್ವನ ತಲೇಲಿ ಸೆಗಣಿ ಐತೆ. ಅದನ್ನ ತೊಳೆಯೋಕೆ ಮನೇಲಿ ಇರೋದು ಬೋರಿಂಗ್ ನೀರು ಒಂದೇ. ಅದನ್ನ ಹಾಕೋಕೂ ಬಿಡ್ತಿಲ್ಲ ಅವಳು. ನೀನು ಸಾರಿದ್ದಕ್ಕೆ."

ಅವನು ಎದ್ದ. ಒಳಗೆ ಹೋಗಿ ಅವ್ವನನ್ನು ನೋಡಿದ. ಹೊರಗೆ ಬಂದು ತಮಟೆ ಕೊರಳಿಗೆ ಹಾಕಿಕೊಂಡು ಮೇಲಕ್ಕೆ ಹೋದ. ನಾನು ಸ್ವಲ್ಪ ದೂರದಲ್ಲಿ ಹಿಂದೆಯೇ ಹೋದೆ.

ದೊಡ್ಡವೆಂಕಟಪ್ಪನ ಮನೆಯ ಮುಂದೆ ನಿಂತು ಡಣ್ ಡಣ್ ಎಂದು ಬಡಿದ. ಜನ ಬಾಗಿಲಿಗೆ ಬಂದರು.

"ಕೇಳ್ರಪ್ಪೋ ಕೇಳ್ರಿ! ಕೇರಿ ಬೋರಿಂಗ್ ನೀರು ಕುಡಿದ್ರೆ ಮಾತು ಹೋಗ್ತದಂತೆ! ಹಂಗಂತ ನಂಗೆ ಹೇಳ್ದೋರು ದೊಡ್ಡವೆಂಕಟಪ್ಪನೋರು!"

ಡಣ್ ಡಣ್.

"ದೊಡ್ಡವೆಂಕಟಪ್ಪನೋರಿಗೆ ಹೇಳ್ದೋನು ಹೋಟ್ಲು ಕದಿರಪ್ಪ! ಕದಿರಪ್ಪಂಗೆ ಹೇಳ್ದೋರು ಎರ್ರಗುಂಟಪಲ್ಲಿಯೋರಂತೆ!"

ಡಣ್ ಡಣ್.

"ಎರ್ರಗುಂಟಪಲ್ಲಿಗೆ ಸುದ್ದಿ ಹೋಗಿದ್ದು ನನ್ನ ತಮಟೆಯಿಂದ! ನಂಗೆ ಹೇಳ್ದೋರು ದೊಡ್ಡವೆಂಕಟಪ್ಪನೋರು! ಅವ್ರಿಗೆ ಹೇಳ್ದೋನು ಕದಿರಪ್ಪ! ಕಣ್ಣಾರೆ ನೋಡ್ದೋರು ಯಾರಾದ್ರೂ ಇದ್ರೆ ಮುಂದಕ್ಕೆ ಬರ್ರಪ್ಪೋ!"

ಯಾರೂ ಬರಲಿಲ್ಲ. ಒಂದು ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಅದನ್ನು ಕೇಳಿ ಇನ್ನೊಬ್ಬರು ನಕ್ಕರು. ಕದಿರಪ್ಪ ಹೋಟ್ಲಿನ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋಗಿ ಪರದೆ ಎಳೆದುಕೊಂಡ. ಮುನಿಶಾಮಿ ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ತಿರುಗುವಾಗ ದೊಡ್ಡವೆಂಕಟಪ್ಪ ಅಡ್ಡ ಬಂದ.

"ಲೇ, ನಾನು ಹೇಳಿದ್ದೇನು, ನೀನು ಒದರ್ತಿರೋದೇನ್ಲಾ?"

"ನೀವು ಹೇಳಿದ್ದನ್ನೇ ಸಾರ್ತಿದೀನಿ ಸಾಮಿ. ಹೇಳ್ದೋರು ನೀವು ಅನ್ನೋದನ್ನ ಬಿಟ್ಟಿದ್ದೆ. ಅದನ್ನ ಸೇರಿಸ್ದೆ."

ದೊಡ್ಡವೆಂಕಟಪ್ಪನ ಕೈಕೋಲಿನಿಂದ ಹೊಡೆತ ಬಿತ್ತು. ಎರಡನೆಯದಕ್ಕೆ ಮುನಿಶಾಮಿ ಕೆಳಗೆ ಕೂತ. ತಮಟೆ ಉರುಳಿತು. ನಮ್ಮ ತಮಟೆಯನ್ನು ಅವನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಚಪ್ಪಲಿ ಕಾಲಿನಿಂದ ತುಳಿದ. ಆ ಚಪ್ಪಲಿ ಹೊಲಿದವನೂ ನನ್ನ ಗಂಡನೇ. ಚರ್ಮ ಪಟ್ ಎಂದು ಹರಿಯಿತು. "ಇನ್ಮೇಲೆ ಈ ಊರಲ್ಲಿ ನೀನು ಸಾರೋದು ಇಲ್ಲ, ತಿನ್ನೋದು ಇಲ್ಲ" ಎಂದು ಹೋದ.

ನನಗೆ ಅಳು ಬರಲಿಲ್ಲ. ಗಂಡನನ್ನು ಎಬ್ಬಿಸಿ, ಹರಿದ ತಮಟೆ ಎತ್ತಿಕೊಂಡು ಕೇರಿಗೆ ಬಂದೆ. ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಹರಿದ ತಮಟೆಯನ್ನೂ ಅವನ ಊದಿದ ಕೆನ್ನೆಯನ್ನೂ ಎಲ್ಲರೂ ನೋಡಿದರು.

ಬೆಳಿಗ್ಗೆ ಮೇಸ್ತ್ರಿ ಬಂದ. ಸರಪಳಿ, ದೊಡ್ಡ ದೊಡ್ಡ ಸ್ಪ್ಯಾನರು, ಚೀಲದಲ್ಲಿ ಬುತ್ತಿ. ಹಿಂದೆ ದೊಡ್ಡವೆಂಕಟಪ್ಪ, ಅವನ ಹಿಂದೆ ಕದಿರಪ್ಪ. ಕೇರಿಯ ಗಂಡಸರು ಮನೆಗೊಬ್ಬರಂತೆ ಬಂದು ತಲೆ ತಗ್ಗಿಸಿ ನಿಂತಿದ್ದರು.

"ಬೋರಿಂಗ್ ಬೇಡ ಅಂದವರು ಯಾರ್ರೀ?" ಎಂದು ಮೇಸ್ತ್ರಿ ಕೇಳಿದ.

ಗುಂಪು ಪಿಸಪಿಸ ಎಂದಿತು.

"ಜೋರಾಗಿ ಹೇಳ್ರೀ, ಕೇಳ್ಸಲ್ಲ."

"ಮಾತು ಉಳಿಸ್ಕೋತಿದೀವಿ ಸಾಮಿ" ಎಂದು ಮುಂದೆ ನಿಂತಿದ್ದವನು ಪಿಸುಗುಟ್ಟಿದ.

"ನೋಡಿದ್ರಾ?" ಎಂದ ದೊಡ್ಡವೆಂಕಟಪ್ಪ. "ಆಗ್ಲೇ ಅರ್ಧ ಹೋಗ್ಬುಟ್ಟೈತೆ."

ಮೇಸ್ತ್ರಿ ತಲೆ ಕೆರೆದುಕೊಂಡ. "ಅಲ್ಲ ಯಜಮಾನ್ರೇ, ನೀವು ಹೇಳೋ ತೂತಲ್ಲಿ ನೀರಿಲ್ವಲ್ಲ. ಅಲ್ಲಿ ನೆಟ್ಟು ಏನು ಮಾಡ್ತೀರ?"

"ನೀರಿಲ್ದಿದ್ರೆ ಏನಂತೆ? ಬೋರಿಂಗ್ ನಮ್ಮನೆ ಮುಂದೆ ಇರ್ಲಿ."

ನಾನು ಒಂದು ಕೈಯಲ್ಲಿ ಒಲೆಯ ಬೂದಿ, ಇನ್ನೊಂದು ಕೈಯಲ್ಲಿ ನೆನೆಸಿದ ಸೀಗೆಪುಡಿ ಹಿಡಿದು ಬಂದೆ. ಎಣ್ಣೆ ಹಚ್ಚಿದವರು ನಾವು, ತಲೆಗೆ ಎರೆಯುವವರೂ ನಾವೇ. ಬೋರಿಂಗಿನ ಕೀಲಿಗೆ ಬೂದಿ ಮೆತ್ತಿ, ಸೀಗೆ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದೆ. ಕಪ್ಪಗೆ ಜಿಡ್ಡು ಇಳಿಯಿತು. ನೀರು ಹುಯ್ದು ಮತ್ತೆ ತಿಕ್ಕಿದೆ. ದೊಡ್ಡವೆಂಕಟಪ್ಪ, "ಏನೇ ಅದು, ನಡಿಯೇ ಪಕ್ಕಕ್ಕೆ" ಅನ್ನುತ್ತಿದ್ದ. ನನ್ನನ್ನು ಮುಟ್ಟಿ ಎಳೆಯುವ ಹಾಗಿರಲಿಲ್ಲವಲ್ಲ, ಬಾಯಲ್ಲೇ ಅನ್ನುತ್ತಿದ್ದ.

ಹಿಡಿ ಹಿಡಿದು ಒತ್ತಿದೆ.

ಕೀಂಯ್!

ಗುಂಪು ಬೆಚ್ಚಿ ಹಿಂದೆ ಸರಿಯಿತು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ನನ್ನ ಅತ್ತೆ, "ಅಮ್ಮೋ! ಗಂಗಮ್ಮ ತಾಯಿ ಬೋರಿಂಗಿಗೆ ಮಾತು ಕೊಟ್ಳಪ್ಪೋ!" ಎಂದು ಕಿರುಚಿದಳು. ಎಷ್ಟು ಜೋರೆಂದರೆ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಎಲ್ಲರೂ ಬೋರಿಂಗು ಬಿಟ್ಟು ಅವಳ ಕಡೆ ತಿರುಗಿದರು. ಅವಳೂ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು.

ಅಲ್ಲಿಗೇ ಬಿಟ್ಟಿದ್ದರೆ ಕೇರಿ ಗಂಗಮ್ಮನಿಗೆ ಕೈ ಮುಗಿದು ಬೋರಿಂಗು ಉಳಿಸಿಕೊಳ್ಳುತ್ತಿತ್ತು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸುಳ್ಳು ತೆಗೆಯಲು ಈ ಸುಳ್ಳು ಹಾಕಿದರೆ ನಾಳೆ ಇನ್ನೊಬ್ಬ ಇನ್ನೊಂದು ಹಾಕುತ್ತಾನೆ.

"ತಾಯಿ ಅಲ್ಲ ಅತ್ತೆ, ಸೀಗೆಪುಡಿ" ಎಂದೆ. "ಬರ್ರೇ ಎಲ್ರೂ. ನನ್ನ ಮಾತೂ ನಂಬಬೇಡ್ರಿ. ಕಣ್ಣಲ್ಲಿ ನೋಡ್ರಿ."

ಹೊಂಗೆ ಎಣ್ಣೆಯ ಬಟ್ಟಲು ತಂದು ಕೀಲಿಗೆ ಬಿಟ್ಟೆ. ಒತ್ತಿದೆ. ಸದ್ದಿಲ್ಲ. ಬೂದಿ, ಸೀಗೆ ಹಾಕಿ ತಿಕ್ಕಿ ತೊಳೆದೆ. ಒತ್ತಿದೆ. ಕೀಂಯ್. ಆಮೇಲೆ ಬಟ್ಟಲನ್ನು ಪಿಸುಗುಟ್ಟಿದವನ ಕೈಗೇ ಕೊಟ್ಟೆ. ಅವನು ಹೆದರುತ್ತ ಎಣ್ಣೆ ಬಿಟ್ಟ. ಬೋರಿಂಗು ಸುಮ್ಮನಾಯಿತು. ಅವನ ಹೆಂಡತಿ ತೊಳೆದಳು. ಅರಚಿತು. ಒಬ್ಬರಾದ ಮೇಲೆ ಒಬ್ಬರು ಬಂದರು. ಒಬ್ಬೊಬ್ಬರಿಗೂ ತಾವೇ ಮಾಡಿ ನೋಡಬೇಕು. ಸೀಗೆಪುಡಿ ಮುಗಿಯಿತು, ಪಕ್ಕದ ಮನೆಯಿಂದ ಬಂತು. ಮೇಸ್ತ್ರಿಯೂ ಬುತ್ತಿ ಕೆಳಗಿಟ್ಟು ಒಂದು ಸಲ ಮಾಡಿ ನೋಡಿದ. ಕದಿರಪ್ಪನಿಗೂ ಕೈ ತುರಿಸುತ್ತಿತ್ತು, ದೊಡ್ಡವೆಂಕಟಪ್ಪನ ಮುಖ ನೋಡಿ ಸುಮ್ಮನಾದ.

ಯಾರು ಮೊದಲು ಗಟ್ಟಿಯಾಗಿ ಮಾತಾಡಿದರೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಕೇರಿಯೆಲ್ಲ ಗಲಾಟೆ. ಅಷ್ಟು ದಿನದ ಮಾತು ಒಟ್ಟಿಗೇ ಬಂತು. ಬಾಕಿ ಉಳಿದಿದ್ದ ಜಗಳಗಳೂ ಅಲ್ಲೇ ಶುರುವಾದವು.

"ಏನ್ರೋ ನೋಡ್ತೀರ? ಪೈಪ್ ಎತ್ರೋ!" ಎಂದು ದೊಡ್ಡವೆಂಕಟಪ್ಪ ಕೂಗಿದ.

ಯಾರೂ ಸರಪಳಿ ಮುಟ್ಟಲಿಲ್ಲ. ಮುನಿಶಾಮಿ ಬಂದ. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿತ್ತು. ಬೋರಿಂಗಿನ ಕಟ್ಟೆಯ ಮೇಲೆ ಪೈಪಿಗೆ ಬೆನ್ನು ಕೊಟ್ಟು ಕೂತ. "ಎತ್ತಲ್ಲ ಸಾಮಿ" ಎಂದ. ತಮಟೆ ಇಲ್ಲದೆ, ತನ್ನದೇ ಮಾತನ್ನು, ಯಜಮಾನರ ಮುಂದೆ ಅವನು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನ ಪಕ್ಕದಲ್ಲಿ ಇನ್ನೊಬ್ಬ ಕೂತ. ಆಮೇಲೆ ಕಟ್ಟೆಯಲ್ಲಿ ಜಾಗ ಉಳಿಯಲಿಲ್ಲ.

ದೊಡ್ಡವೆಂಕಟಪ್ಪನ ಮೀಸೆ ಅದುರುತ್ತಿತ್ತು. "ನೀರು ನಿಮ್ಮ ಬಾಗಿಲಿಗೆ ಬಂದ್ರೆ ನಮ್ಮ ಕೊಟ್ಟಿಗೆ ಗುಡಿಸೋರ್ಯಾರ್ಲಾ?" ಎಂದು ಒದರಿದ.

ಅಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು. ಮೇಸ್ತ್ರಿ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ. "ಬೋರಿಂಗ್ ಕೆಟ್ಟೈತೆ ಅಂತ ಹೇಳಿದ್ರು. ಇದು ಕೆಟ್ಟಿಲ್ಲ. ನಾನು ಬರ್ತೀನಿ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟ.

ಆ ವರ್ಷ ದೊಡ್ಡವೆಂಕಟಪ್ಪ ತನ್ನ ತೋಪುಗಳಿಗೆ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಸುಗ್ಗಿಯಲ್ಲಿ ರಾಗಿಯೂ ಬರಲಿಲ್ಲ. ಮಾವಿನ ಕಾಯಿ ಕೀಳಲು ಗೌನಿಪಲ್ಲಿಯವರೆಗೂ ನಡೆದೆವು. ಹಸಿದೆವು. ಕೊಟ್ಟಿಗೆಗೆ ಮಾತ್ರ ಯಾರೂ ಹೋಗಲಿಲ್ಲ. ಬೋರಿಂಗಿಗೆ ಎಣ್ಣೆ ಬಿಡುವುದನ್ನೂ ನಿಲ್ಲಿಸಿದೆವು. ಬೆಳಗಿನಿಂದ ದೀಪ ಹಚ್ಚುವ ತನಕ ಅರಚಿತು.

ಒಂದು ದಿನ ಮಧ್ಯಾಹ್ನ ಕದಿರಪ್ಪ ಕೇರಿಗೆ ಬಂದು ದೂರದಲ್ಲಿ ನಿಂತ. ನಾನು ನೀರು ಒತ್ತುತ್ತಿದ್ದೆ.

"ಬೈರಮ್ಮಾ, ಅವ್ರಿಗೆ ನಿದ್ದೆ ಇಲ್ವಂತೆ. ಬೋರಿಂಗಿಗೆ ಎಣ್ಣೆ ಹಾಕ್ಬೇಕಂತೆ."

"ಯಾರು ಹೇಳಿದ್ದು?"

"ಊರಿನ ಅಪ್ಪಣೆ."

"ಊರಿನ ಅಪ್ಪಣೆ ಆದ್ರೆ ತಮಟೆ ಹೊಡೆಸಿ ಸಾರಿಸ್ಲಿ."

"ತಮಟೆ ಹರಿದೋಗೈತಲ್ಲಮ್ಮಾ."

"ಹರಿದೋರು ಯಾರು ಅಂತ ಕೇಳ್ಕೊಂಡು ಬಾ, ಆಮೇಲೆ ನೋಡೋಣ" ಎಂದು ಹಿಡಿ ಒತ್ತಿದೆ. ಕೀಂಯ್ ಎಂದಿತು. ಅವನು ಇನ್ನೂ ಏನೋ ಹೇಳಿದ. ಕೇಳಿಸಲಿಲ್ಲ.